ಬೆಂಗಳೂರು ಎಲ್ಲಿಗೆ ಮುಗಿಯುತ್ತದೆ? ದಿನದ ಓಡಾಟ ಮತ್ತು ರೈಲು ಪಾಸ್ ಹಿಡಿದು ಮಹಾನಗರದ ಗಡಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಕೆಜಿಎಫ್ ಬೆಂಗಳೂರಿಗೆ ಸೇರಿದ್ದಾ? ಯಾವ ಸರ್ಕಾರಿ ನಕ್ಷೆ ಬಿಡಿಸಿದರೂ ಅಲ್ಲ ಅಂತಲೇ ಉತ್ತರ. ಅದು ಕೋಲಾರ ಜಿಲ್ಲೆ. ನಡುವೆ ಕೆರೆ, ಬಂಡೆ, ಮಾವಿನ ತೋಪು, ನೀಲಗಿರಿ. ಆದರೆ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಮನೆಗಳ ಒಲೆ ಉರಿದದ್ದು ರೈಲಿನಿಂದ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಲ್ಲಿ ಹತ್ತಬೇಕು. ಬಂಗಾರಪೇಟೆ, ಮಾಲೂರು ದಾಟಿ ಬೆಂಗಳೂರಿನಲ್ಲಿ ಇಳಿಯಬೇಕು. ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ. ಚಿನ್ನಕ್ಕೆ ಅಂತ ಹಾಕಿದ ಹಳಿಯ ಮೇಲೆ ಈಗ ಸೆಕ್ಯುರಿಟಿ ಗಾರ್ಡ್‌ಗಳು, ನರ್ಸ್‌ಗಳು, ಟೆಕ್ನಿಷಿಯನ್‌ಗಳು ಅಪ್ ಅಂಡ್ ಡೌನ್ ಮಾಡುತ್ತಾರೆ.

ಇನ್ನೊಂದು ಕಡೆ ನೋಡಿ. ಕನಕಪುರ ತಾಲ್ಲೂಕಿನ ತೆಂಕಣ ತುದಿಯಲ್ಲಿ ಸಂಗಮ, ಮೇಕೆದಾಟು. ಕಾವೇರಿ ದಡ, ಕಾಡು, ಆನೆ. ಅದು ಬಿಎಂಆರ್‌ಡಿಎ, ಅಂದರೆ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ 8,005 ಚದರ ಕಿ.ಮೀ ಒಳಗಿದೆ. ಅಂದರೆ ಕಾಗದದ ಮೇಲೆ ಬೆಂಗಳೂರು ಮಹಾನಗರ ಪ್ರದೇಶ. ಕೆಜಿಎಫ್ ಹೊರಗೆ, ಮೇಕೆದಾಟು ಒಳಗೆ!

ತಪ್ಪು ಯಾರದೂ ಅಲ್ಲ. ಆ ಗಡಿ ಎಳೆದದ್ದು ಜಿಲ್ಲೆಗಳನ್ನು ಹಿಡಿದು, ಜನರ ಓಡಾಟ ಹಿಡಿದು ಅಲ್ಲ. ಓಡಾಟ ಹಿಡಿದು ಎಳೆದರೆ ಗಡಿ ಹೇಗಿರುತ್ತದೆ, ಅದನ್ನು ನೀವೇ ಎಳೆಯುವುದು ಹೇಗೆ ಅನ್ನುವುದು ಈ ಬರಹ. ಬೇಕಾದ್ದು ಒಂದು ಲ್ಯಾಪ್‌ಟಾಪ್, ಸ್ಪ್ರೆಡ್‌ಶೀಟ್, ನಕ್ಷೆ ಮಾಡಲು ಪುಕ್ಕಟೆ ಸಿಗುವ ಕ್ಯೂಜಿಐಎಸ್ ಸಾಫ್ಟ್‌ವೇರ್, ಒಂದಿಷ್ಟು ತಾಳ್ಮೆ. ಕೆಲವು ದಿನ ಬೆಳಗ್ಗೆ ನಾಲ್ಕಕ್ಕೆ ಏಳುವುದಕ್ಕೂ ತಯಾರಿರಬೇಕು.

ಹೆಜ್ಜೆ 1: ಯಾವ ಗಡಿ ಬೇಕು ಅಂತ ತೀರ್ಮಾನಿಸಿ

'ಮಹಾನಗರ' ಅನ್ನುವ ಒಂದೇ ಪದ ನಮ್ಮಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳಿಗೆ ಓಡುತ್ತದೆ. ಇವನ್ನು ಬೆರೆಸಿದರೆ ಮುಂದಿನದೆಲ್ಲ ಕಲಸುಮೇಲೋಗರ.

ಒಂದು, ಸಂವಿಧಾನದ 243ಪಿ ವಿಧಿ ಹೇಳುವ ಮಹಾನಗರ ಪ್ರದೇಶ. 10 ಲಕ್ಷಕ್ಕೆ ಕಡಿಮೆಯಿಲ್ಲದ ಜನ ಇರಬೇಕು, ಎರಡು ಅಥವಾ ಹೆಚ್ಚು ನಗರಸಭೆ, ಪಂಚಾಯಿತಿ ಸೇರಿರಬೇಕು, ರಾಜ್ಯಪಾಲರು ಅಧಿಸೂಚನೆ ಹೊರಡಿಸಬೇಕು. ಓಡಾಟದ ಮಾತೇ ಇಲ್ಲ.

ಎರಡು, ಜನಗಣತಿಯ 'ನಗರ ಸಮೂಹ'. ಇದು ಕಟ್ಟಡ ಕಟ್ಟಡಕ್ಕೆ ಅಂಟಿಕೊಂಡು ಹೋಗುವ ಲೆಕ್ಕ. ಊರು ಬೆಳೆದು ಪಕ್ಕದ ಊರಿಗೆ ತಾಗಿದರೆ ಒಳಗೆ, ನಡುವೆ ಹೊಲ ಬಂದರೆ ಹೊರಗೆ. 2011ರಲ್ಲಿ ಬೆಂಗಳೂರು ನಗರ ಸಮೂಹದ ಜನಸಂಖ್ಯೆ ಸುಮಾರು 85.2 ಲಕ್ಷ, ಬಿಬಿಎಂಪಿಯದು 84.4 ಲಕ್ಷ. ಅಂದರೆ ಈ ಲೆಕ್ಕದಲ್ಲಿ ಪಾಲಿಕೆಯ ಗಡಿ ದಾಟಿದರೆ ಬೆಂಗಳೂರು ಹೆಚ್ಚುಕಡಿಮೆ ಮುಗಿದೇ ಹೋಯಿತು. ಬಂಗಾರಪೇಟೆ ಪ್ಯಾಸೆಂಜರ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಬರುವವರಿಗೆ ಇದನ್ನು ಹೇಳಿ ನೋಡಿ.

ಮೂರು, ಯೋಜನಾ ಪ್ರದೇಶ. ಬಿಎಂಆರ್‌ಡಿಎ ಈ ಜಾತಿಯದು. ದೆಹಲಿಯ ಎನ್‌ಸಿಆರ್ (ರಾಷ್ಟ್ರ ರಾಜಧಾನಿ ಪ್ರದೇಶ) ಇದರ ಅತಿರೇಕ: 55,083 ಚದರ ಕಿ.ಮೀ. ಪಂಜಾಬ್ ರಾಜ್ಯವೇ 50,362. ಭರತಪುರದಿಂದ ದಿನಾ ದೆಹಲಿಗೆ ಹೋಗಿ ಬರುವವರು ಎಷ್ಟು ಅಂತ ಲೆಕ್ಕ ಹಾಕಿ ಇದನ್ನು ಎಳೆದದ್ದಲ್ಲ. ಒಳಗೆ ಸೇರಿದರೆ ಸಾಲ, ಯೋಜನೆ ಸಿಗುತ್ತವೆ ಅನ್ನುವ ಆಸೆಯೂ ಜಿಲ್ಲೆಗಳನ್ನು ಒಳಗೆ ಎಳೆದಿದೆ. ನಮ್ಮಲ್ಲೂ ರಾಮನಗರ ಜಿಲ್ಲೆಗೆ 2025ರಲ್ಲಿ 'ಬೆಂಗಳೂರು ದಕ್ಷಿಣ' ಅಂತ ಹೆಸರಿಟ್ಟರು. ಹೆಸರು ಬದಲಾದ ಮಾರನೇ ದಿನ ರೈಲಿಗೆ ಒಬ್ಬರೂ ಜಾಸ್ತಿ ಹತ್ತಲಿಲ್ಲ, ಅಲ್ವಾ?

ನಾಲ್ಕು, ದಿನದ ಓಡಾಟದ ಪ್ರದೇಶ. ಬೆಳಗ್ಗೆ ಹೋಗಿ ಸಂಜೆ ಬರುವವರು ಎಲ್ಲೆಲ್ಲಿ ಮಲಗುತ್ತಾರೋ ಅದೆಲ್ಲ ಒಂದೇ ಉದ್ಯೋಗ ಮಾರುಕಟ್ಟೆ ಅನ್ನುವ ಲೆಕ್ಕ. ನಮಗೆ ಬೇಕಾದ್ದು ಇದು.

ಹೆಜ್ಜೆ 2: ನಡುವಿನ ನಗರ ಗುರುತಿಸಿ

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ವಿಧಾನಸೌಧಕ್ಕೋ ಮೆಜೆಸ್ಟಿಕ್ಕಿಗೋ ಗುಂಡುಪಿನ್ನು ಚುಚ್ಚಿ ಅಲ್ಲಿಂದ ದೂರ ಅಳೆಯುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಕೈವಾರ ಹಿಡಿದು 70 ಕಿ.ಮೀ ವೃತ್ತ ಎಳೆದೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಅದರೊಳಗೆ ಬಿತ್ತು. ಕೆಜಿಎಫ್ ಮಾತ್ರ ಕೂದಲೆಳೆಯಲ್ಲಿ ಹೊರಗೆ ಉಳಿಯಿತು. ಆ ಕಾಗದ ಅಲ್ಲೇ ಹರಿದು ಹಾಕಿದೆ.

ಬೆಂಗಳೂರಿನ ಕೆಲಸ ಒಂದೇ ಜಾಗದಲ್ಲಿಲ್ಲ. ಪೀಣ್ಯ ಒಂದು ಕಡೆ, ವೈಟ್‌ಫೀಲ್ಡ್ ಇನ್ನೊಂದು ಕಡೆ, ಎಲೆಕ್ಟ್ರಾನಿಕ್ಸ್ ಸಿಟಿ, ಬೊಮ್ಮಸಂದ್ರ ಮತ್ತೊಂದು ಕಡೆ. ಬಿಡದಿ ಬೇರೆ, ವಿಮಾನ ನಿಲ್ದಾಣ ಬೇರೆ. ಮಾಲೂರಿನವರಿಗೆ ಮೆಜೆಸ್ಟಿಕ್ ದೂರ, ವೈಟ್‌ಫೀಲ್ಡ್ ಹತ್ತಿರ. ತುಮಕೂರಿನವರಿಗೆ ಯಶವಂತಪುರ, ಪೀಣ್ಯ ಮುಟ್ಟಿದರೆ ಸಾಕು. ಹಾಗಾಗಿ ಚುಕ್ಕಿ ಬೇಡ, ಇಡೀ ಕಟ್ಟಿದ ನಗರವನ್ನೇ ನಡುಭಾಗ ಅಂತ ತೆಗೆದುಕೊಳ್ಳಿ. ಯುರೋಪಿನ ಪದ್ಧತಿಯಲ್ಲಿ ಚದರ ಕಿಲೋಮೀಟರಿಗೆ 1,500 ಜನಕ್ಕಿಂತ ಹೆಚ್ಚು ಇರುವ ಚೌಕಗಳನ್ನು ಒಟ್ಟುಗೂಡಿಸಿ, ಅದರಲ್ಲಿ 50,000 ಜನ ಇದ್ದರೆ ನಡುನಗರ ಅನ್ನುತ್ತಾರೆ. ನಮ್ಮ ಕೆಲಸಕ್ಕೆ 2011ರ ನಗರ ಸಮೂಹದ ಗಡಿ, ಜೊತೆಗೆ ಅದಕ್ಕೆ ಅಂಟಿಕೊಂಡು ಬೆಳೆದ ಕೈಗಾರಿಕಾ ಪ್ರದೇಶಗಳನ್ನು ಸೇರಿಸಿಕೊಂಡರೆ ನಡೆಯುತ್ತದೆ.

ಹೆಜ್ಜೆ 3: ಇಟ್ಟಿಗೆ ಯಾವುದು?

ಗಡಿಯನ್ನು ಯಾವ ಅಳತೆಯ ತುಂಡುಗಳಿಂದ ಕಟ್ಟುತ್ತೀರಿ? ಜಿಲ್ಲೆಯೋ, ತಾಲ್ಲೂಕೋ, ಹೋಬಳಿಯೋ?

ಅಮೆರಿಕದವರು ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥ ತುಂಡಿನಿಂದ ಕಟ್ಟುತ್ತಾರೆ. ಅದರ ಪಾಡು ನೋಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಕೌಂಟಿ ಸುಮಾರು 52,000 ಚದರ ಕಿ.ಮೀ ಇದೆ. ಕೇರಳಕ್ಕಿಂತ ದೊಡ್ಡದು. ಅದರ ಒಂದು ಮೂಲೆಯ ಊರುಗಳು ಲಾಸ್ ಏಂಜಲೀಸ್ ಪಕ್ಕದಲ್ಲಿವೆ, ಇನ್ನೊಂದು ತುದಿ ನೆವಾಡ ಗಡಿಯ ಮರುಭೂಮಿ. ಆದರೂ ಇಡೀ ಕೌಂಟಿ ಮಹಾನಗರ ಪ್ರದೇಶ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಫ್ರೀಮಾಂಟ್‌ನಲ್ಲಿರುವ ನಿಮ್ಮ ನೆಂಟರನ್ನು ಕೇಳಿ. ಅಲ್ಲಿಂದ ಸ್ಯಾನ್ ಹೋಸೆ ಪಕ್ಕದಲ್ಲೇ ಇದೆ. ಎಷ್ಟೋ ಜನ ಕೆಲಸಕ್ಕೆ ಹೋಗುವುದು ಆ ಕಡೆಗೇ. ಆದರೆ ಫ್ರೀಮಾಂಟ್ ಇರುವುದು ಅಲಮೀಡ ಕೌಂಟಿಯಲ್ಲಿ. ಹಾಗಾಗಿ ಅಂಕಿಅಂಶದಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊ ಮಹಾನಗರದವರು.

ನಮ್ಮಲ್ಲಿ ಜಿಲ್ಲೆ ಹಿಡಿದರೆ ಇದೇ ಗತಿ. ತಾಲ್ಲೂಕು ಪರವಾಗಿಲ್ಲ. ಆದರೂ ಕಣ್ಣಿಟ್ಟಿರಬೇಕು. ಹಾರೋಹಳ್ಳಿ ಮೊದಲು ಕನಕಪುರ ತಾಲ್ಲೂಕಿನಲ್ಲಿತ್ತು. ಕೈಗಾರಿಕಾ ಪ್ರದೇಶ, ಬೆಂಗಳೂರಿಗೆ ಹತ್ತಿರ. ಅದೇ ತಾಲ್ಲೂಕಿನ ಇನ್ನೊಂದು ತುದಿಯೇ ಮೊದಲು ಹೇಳಿದ ಮೇಕೆದಾಟು. ಎರಡಕ್ಕೂ ಸೇರಿ ಒಂದು ಸರಾಸರಿ ತೆಗೆದರೆ ಅದು ಯಾರ ಕಥೆಯನ್ನೂ ಹೇಳುವುದಿಲ್ಲ. ಈಗ ಹಾರೋಹಳ್ಳಿ ಬೇರೆ ತಾಲ್ಲೂಕು. ಹಾಗೆಯೇ ಕೆಜಿಎಫ್ 2011ರ ಗಣತಿಯಲ್ಲಿ ಬಂಗಾರಪೇಟೆ ತಾಲ್ಲೂಕಿನ ಒಳಗಿತ್ತು. ಹಳೆಯ ಅಂಕಿಯನ್ನು ಹೊಸ ಗಡಿಗೆ ಹೊಂದಿಸುವಾಗ ಹಳ್ಳಿ ಹಳ್ಳಿಯಾಗಿ ಕೂಡಿಸಬೇಕು. ಬೇಜಾರಿನ ಕೆಲಸ, ಆದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನನ್ನ ಸಲಹೆ: ತಾಲ್ಲೂಕಿನಿಂದ ಶುರು ಮಾಡಿ, ಅನುಮಾನ ಬಂದ ಕಡೆ ಹೋಬಳಿಗೆ ಇಳಿಯಿರಿ.

ಹೆಜ್ಜೆ 4: ಓಡಾಟದ ಅಂಕಿ ಎಲ್ಲಿಂದ ತರುವುದು?

ಕಷ್ಟ ಶುರುವಾಗುವುದು ಇಲ್ಲಿ. ಅಮೆರಿಕ, ಜಪಾನ್, ಕೆನಡಾಗಳಲ್ಲಿ ಜನರನ್ನು ಎಲ್ಲಿ ವಾಸ, ಎಲ್ಲಿ ಕೆಲಸ ಅಂತ ಕೇಳಿ ಊರಿಂದೂರಿಗೆ ಪಟ್ಟಿ ಮಾಡಿಡುತ್ತಾರೆ. ನಮ್ಮಲ್ಲಿ ಆ ಪಟ್ಟಿ ಇಲ್ಲ.

ಇರುವುದು 2011ರ ಜನಗಣತಿಯ ಬಿ-28 ಕೋಷ್ಟಕ. ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಯಾವುದರಲ್ಲಿ ಹೋಗುತ್ತೀರಿ ಅನ್ನುವ ಎರಡು ಪ್ರಶ್ನೆಗೆ ಜಿಲ್ಲಾವಾರು ಉತ್ತರ ಅದರಲ್ಲಿದೆ. ದೂರ 0-1 ಕಿ.ಮೀಯಿಂದ ಶುರುವಾಗಿ 51 ಕಿ.ಮೀಗಿಂತ ಹೆಚ್ಚು ಅನ್ನುವ ತನಕ. ವಾಹನದ ಸಾಲಿನಲ್ಲಿ ನಡಿಗೆ, ಸೈಕಲ್, ಬಸ್ಸು, ರೈಲು ಎಲ್ಲ ಇವೆ. ಒಳ್ಳೆಯ ಮಾಹಿತಿ. ಆದರೆ ಒಂದು ದೊಡ್ಡ ತೂತು: ದೂರ ಇದೆ, ದಿಕ್ಕಿಲ್ಲ. ಕೋಲಾರ ಜಿಲ್ಲೆಯಲ್ಲಿ 31-50 ಕಿ.ಮೀ ಹೋಗುವವರು ಬೆಂಗಳೂರಿಗೆ ಹೋದರೋ, ಮುಳಬಾಗಿಲಿಗೆ ಹೋದರೋ, ಗಡಿ ದಾಟಿ ಆಂಧ್ರಕ್ಕೆ ಹೋದರೋ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ಆ ಗಣತಿ ನಡೆದದ್ದು 2011ರ ಫೆಬ್ರುವರಿಯಲ್ಲಿ. ನಮ್ಮ ಮೆಟ್ರೊ ಮೊದಲ ಸಲ ಓಡಿದ್ದು ಅದೇ ವರ್ಷ ಅಕ್ಟೋಬರ್ 20ರಂದು. ಅಂದರೆ ಈ ಅಂಕಿಯಲ್ಲಿರುವ ಬೆಂಗಳೂರಿಗೆ ಮೆಟ್ರೊ ಅನ್ನುವುದೇ ಗೊತ್ತಿರಲಿಲ್ಲ. ಹಾಗಂತ ಬಿ-28 ಬಿಸಾಡಬೇಡಿ. 'ರೈಲು' ಮತ್ತು '31 ಕಿ.ಮೀಗಿಂತ ದೂರ' ಎರಡೂ ಜೋರಾಗಿರುವ ಜಿಲ್ಲೆಗಳನ್ನು ಗುರುತು ಮಾಡಿ. ಎಲ್ಲಿ ಅಗೆಯಬೇಕು ಅಂತ ಅದು ತೋರಿಸುತ್ತದೆ. ಅಗೆಯುವ ಕೆಲಸ ಬೇರೆ.

ಜೊತೆಗೆ ಪ್ರಾಥಮಿಕ ಜನಗಣತಿ ಸಾರ ಇಳಿಸಿಕೊಳ್ಳಿ. ಹಳ್ಳಿ ಮಟ್ಟದ ತನಕ ದುಡಿಯುವವರ ಸಂಖ್ಯೆ ಅದರಲ್ಲಿದೆ: ಬೇಸಾಯಗಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು, 'ಇತರ ಕೆಲಸಗಾರರು'. ಲೆಕ್ಕದಲ್ಲಿ ಭಾಗಿಸುವ ಸಂಖ್ಯೆ ಇದರಿಂದ ಬರುತ್ತದೆ.

ಹೆಜ್ಜೆ 5: ರೈಲು ಪಾಸ್ ಅನ್ನುವ ಬಂಗಾರ

ದಿಕ್ಕು ಬೇಕು ಅಂದೆವಲ್ಲ, ಅದು ರೈಲು ಪಾಸಿನಲ್ಲಿದೆ. ಸೀಸನ್ ಟಿಕೆಟಿನ ಮೇಲೆ ಎಲ್ಲಿಂದ, ಎಲ್ಲಿಗೆ ಅಂತ ಅಚ್ಚಾಗಿರುತ್ತದೆ. ಸುಮ್ನೆ ಒಂದು ದಿನ ಹೋಗಿ ಬರುವವರು ಪಾಸ್ ಮಾಡಿಸುವುದಿಲ್ಲ. ಮದುವೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು ಮಾಡಿಸುವುದಿಲ್ಲ. ಮಾಡಿಸುವವರು ಅಪ್ ಅಂಡ್ ಡೌನ್ ಮಾಡುವವರು ಮಾತ್ರ. 150 ಕಿ.ಮೀ ತನಕ ಪಾಸ್ ಸಿಗುತ್ತದೆ. ಬೆಂಗಳೂರಿಂದ ಮೈಸೂರು ರೈಲಿನಲ್ಲಿ ಸುಮಾರು 139 ಕಿ.ಮೀ, ಅದೂ ಒಳಗೆ ಬರುತ್ತದೆ. ನಮ್ಮ ದೇಶದಲ್ಲಿ ಮಹಾನಗರದ ಗಡಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಕಂಡಿಲ್ಲ.

ಇದನ್ನು ಪಡೆಯುವ ದಾರಿ ಮಾಹಿತಿ ಹಕ್ಕು. ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ 10 ರೂಪಾಯಿ ಶುಲ್ಕದ ಅರ್ಜಿ, 30 ದಿನದಲ್ಲಿ ಉತ್ತರ ಕೊಡಬೇಕು ಅನ್ನುವುದು ನಿಯಮ. ಕೇಳುವ ರೀತಿ ಮುಖ್ಯ. 'ಪ್ರಯಾಣಿಕರ ಸಂಖ್ಯೆ ಕೊಡಿ' ಅಂದರೆ ನಿಲ್ದಾಣವಾರು ಒಟ್ಟು ಸಂಖ್ಯೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಹೀಗೆ ಕೇಳಿ: ಇಂಥ ತಿಂಗಳಲ್ಲಿ ನೀಡಿದ ಸೀಸನ್ ಟಿಕೆಟ್‌ಗಳು, ಹೊರಡುವ ನಿಲ್ದಾಣ ಮತ್ತು ತಲುಪುವ ನಿಲ್ದಾಣದ ಜೋಡಿವಾರು, ಪಾಸಿನ ಅವಧಿವಾರು, ಕೌಂಟರ್ ಮತ್ತು ಮೊಬೈಲ್ ಆ್ಯಪ್ ಎರಡೂ ಸೇರಿ. ತಿಂಗಳು ಆರಿಸುವಾಗ ಗಣೇಶನ ಹಬ್ಬ, ದಸರಾ, ಬೇಸಿಗೆ ರಜೆ ಬಿಟ್ಟುಬಿಡಿ. ಜುಲೈ ಒಳ್ಳೆಯದು.

ಅಂಕಿ ಕೈಗೆ ಬಂದ ಮೇಲೆ ನಾಲ್ಕು ತಿದ್ದುಪಡಿ ಬೇಕು.

ಅವಧಿ ಸರಿ ಮಾಡಿ. ಮೂರು ತಿಂಗಳ ಪಾಸ್ ಏಪ್ರಿಲ್‌ನಲ್ಲಿ ತೆಗೆದುಕೊಂಡವರು ಜೂನ್ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ದಿನಾ ಬರುತ್ತಿರುತ್ತಾರೆ. ಆ ತಿಂಗಳು ಚಾಲ್ತಿಯಲ್ಲಿರುವ ಪಾಸ್ ಎಷ್ಟು ಅಂತ ಹಿಂದಿನ ತಿಂಗಳುಗಳಿಂದ ಕೂಡಿಸಿ ತೆಗೆಯಬೇಕು.

ವಿದ್ಯಾರ್ಥಿಗಳನ್ನು ಬೇರೆ ಇಡಿ. ಜಪಾನಿನ ಅಂಕಿಅಂಶ ಇಲಾಖೆ ಕೆಲಸಕ್ಕೆ ಹೋಗುವವರ ಜೊತೆ ಓದಲು ಹೋಗುವವರನ್ನೂ ಸೇರಿಸಿಯೇ ಮಹಾನಗರ ಗುರುತಿಸುತ್ತದೆ. ಅಮೆರಿಕದವರು ಕೆಲಸದವರನ್ನು ಮಾತ್ರ ಎಣಿಸುತ್ತಾರೆ. ಎರಡೂ ಸರಿ. ಒಂದನ್ನು ಆರಿಸಿ, ಆರಿಸಿದ್ದನ್ನು ಬರೆದಿಡಿ.

ನಿಲ್ದಾಣ ಬೇರೆ, ಊರು ಬೇರೆ. ಬಂಗಾರಪೇಟೆಯಲ್ಲಿ ಹತ್ತುವವರೆಲ್ಲ ಬಂಗಾರಪೇಟೆಯವರಲ್ಲ. ಕೋಲಾರದಿಂದ, ಹಳ್ಳಿಗಳಿಂದ ಬೈಕಿನಲ್ಲಿ ಬಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹತ್ತುವವರಿದ್ದಾರೆ. ಇದಕ್ಕೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೇಳುವುದೊಂದೇ ದಾರಿ. ಪ್ರಶ್ನೆ ಮೂರೇ ಇರಲಿ: ಯಾವ ಊರು, ಎಲ್ಲಿ ಇಳಿಯುತ್ತೀರಿ, ವಾರಕ್ಕೆ ಎಷ್ಟು ದಿನ. ಹೆಸರು, ಫೋನ್ ನಂಬರ್ ಕೇಳಬೇಡಿ, ಯಾರೂ ಉತ್ತರ ಕೊಡುವುದಿಲ್ಲ. ಬೈಕ್ ಸ್ಟ್ಯಾಂಡಿನಲ್ಲಿ ಬೆಳಗ್ಗೆ 11ಕ್ಕೆ ಎಷ್ಟು ಗಾಡಿ ಇವೆ ಅಂತಲೂ ಎಣಿಸಿ. ಆ ಹೊತ್ತಿಗೆ ಅಲ್ಲಿ ನಿಂತಿರುವ ಗಾಡಿಯ ಯಜಮಾನ ಬಹುತೇಕ ಬೆಂಗಳೂರಿನಲ್ಲಿರುತ್ತಾನೆ.

ದಿನ ನೋಡಿ ಹೋಗಿ. ಸೋಮವಾರ ಬೆಳಗ್ಗೆ, ಶುಕ್ರವಾರ ಸಂಜೆ ಎಣಿಸಿದರೆ ಮೋಸ ಹೋಗುತ್ತೀರಿ. ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಊರಿಗೆ ಹೋಗುವವರು ಆ ರೈಲುಗಳಲ್ಲಿ ತುಂಬಿರುತ್ತಾರೆ. ಅವರು ದಿನದ ಓಡಾಟದವರಲ್ಲ. ಮಂಗಳವಾರ, ಬುಧವಾರ, ಗುರುವಾರ ಸರಿ.

ರೈಲು ಪಾಸ್ ಹೇಳುವುದು ರೈಲಿನವರ ಕಥೆ ಮಾತ್ರ. ಕೆಎಸ್‌ಆರ್‌ಟಿಸಿ ಪಾಸ್, ಕಂಪನಿ ಬಸ್ಸು, ಗಾರ್ಮೆಂಟ್ಸ್‌ಗೆ ಹಳ್ಳಿ ಹಳ್ಳಿಯಿಂದ ಹೆಣ್ಣುಮಕ್ಕಳನ್ನು ಕರೆತರುವ ವ್ಯಾನು, ಸ್ವಂತ ಬೈಕು, ಇವೆಲ್ಲ ಬೇರೆ. ಬಸ್ ಪಾಸಿಗೂ ಇದೇ ರೀತಿ ಅರ್ಜಿ ಹಾಕಿ. ವ್ಯಾನುಗಳ ಲೆಕ್ಕ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಬೆಳಗ್ಗೆ ಊರಿನ ಸರ್ಕಲ್ಲಿನಲ್ಲಿ ಟೀ ಕುಡಿಯುತ್ತಾ ಎಣಿಸಬೇಕು.

ಹೆಜ್ಜೆ 6: ಭಾಗಾಕಾರ

ಲೆಕ್ಕ ಸುಲಭ. ತಾಲ್ಲೂಕಿನಿಂದ ನಡುನಗರಕ್ಕೆ ದಿನಾ ಹೋಗುವವರನ್ನು ತಾಲ್ಲೂಕಿನ ದುಡಿಯುವವರಿಂದ ಭಾಗಿಸಿ, ನೂರರಿಂದ ಗುಣಿಸಿ.

ಒಂದು ಕಾಲ್ಪನಿಕ ತಾಲ್ಲೂಕು ಇಟ್ಟುಕೊಳ್ಳೋಣ. ಅಂಕಿ ನಾನೇ ಕಟ್ಟಿದ್ದು, ಲೆಕ್ಕ ತೋರಿಸುವುದಕ್ಕಷ್ಟೆ. ಒಟ್ಟು ದುಡಿಯುವವರು 1,00,000. ಅದರಲ್ಲಿ ಬೇಸಾಯ, ಕೃಷಿ ಕೂಲಿ, ಮನೆ ಕೈಗಾರಿಕೆಯವರು 40,000. ಉಳಿದ 'ಇತರ' 60,000. ಬೆಂಗಳೂರಿಗೆ ಹೋಗುವವರು ರೈಲಿನಲ್ಲಿ 4,500, ಬಸ್ಸಿನಲ್ಲಿ 2,000, ಬೈಕು ಮತ್ತು ವ್ಯಾನಿನಲ್ಲಿ 1,300. ಒಟ್ಟು 7,800.

ಈಗ 7,800ನ್ನು 60,000ದಿಂದ ಭಾಗಿಸಿದರೆ ಶೇ 13. ಒಂದು ಲಕ್ಷದಿಂದ ಭಾಗಿಸಿದರೆ ಶೇ 7.8. ಅದೇ ಜನ, ಅದೇ ರೈಲು, ಎರಡು ಉತ್ತರ. ಯಾವುದು ಸರಿ? ಬೇಸಾಯಗಾರರನ್ನು ಬಿಟ್ಟು ಭಾಗಿಸುವುದು ನನಗೆ ಸರಿ ಅನ್ನಿಸುತ್ತದೆ. ರಾಗಿ ಹೊಲ ಇಟ್ಟುಕೊಂಡವರು ಬೆಂಗಳೂರಿಗೆ ಯಾಕೆ ಬರಲಿಲ್ಲ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಬಿ-28 ಕೂಡ 'ಇತರ ಕೆಲಸಗಾರರ' ಲೆಕ್ಕವನ್ನೇ ಕೊಡುತ್ತದೆ. ಆದರೆ ಬೇರೆ ದೇಶದ ಅಂಕಿಯ ಜೊತೆ ಹೋಲಿಸುವಾಗ ಎರಡನ್ನೂ ತೋರಿಸಿ. ಅಲ್ಲಿ ಎಲ್ಲ ದುಡಿಯುವವರೂ ಲೆಕ್ಕಕ್ಕೆ ಬರುತ್ತಾರೆ.

ಹೆಜ್ಜೆ 7: ಎಷ್ಟು ಶೇಕಡಾ ಆದರೆ ಒಳಗೆ?

ಅಮೆರಿಕದಲ್ಲಿ ಶೇ 25. ಹೊರಗಿನ ಕೌಂಟಿಯಲ್ಲಿ ವಾಸಿಸುವ ದುಡಿಯುವವರಲ್ಲಿ ಕಾಲುಭಾಗ ನಡುವಿನ ಕೌಂಟಿಗಳಲ್ಲಿ ಕೆಲಸ ಮಾಡಬೇಕು. ಇಲ್ಲವೇ ಹೊರಗಿನ ಕೌಂಟಿಯ ಕೆಲಸಗಳಲ್ಲಿ ಕಾಲುಭಾಗ ನಡುವಿನವರ ಕೈಯಲ್ಲಿರಬೇಕು. 2000ದ ನಿಯಮಗಳಿಗೆ ಮೊದಲು ಈ ಕನಿಷ್ಠ ಮಿತಿ ಶೇ 15 ಇತ್ತು. ಯುರೋಪಿನಲ್ಲಿ ಶೇ 15. ಕೆನಡಾದಲ್ಲಿ ಹೋಗುವವರು ಶೇ 50, ಇಲ್ಲವೇ ಬರುವವರು ಶೇ 25. ಜಪಾನಿನ ಸಂಶೋಧಕರು ಬಳಸುವ ನಗರ ಉದ್ಯೋಗ ಪ್ರದೇಶಕ್ಕೆ ಶೇ 10. ಅಲ್ಲಿನ ಸರ್ಕಾರ ಟೋಕಿಯೊ ಸುತ್ತಲಿನ ಕಾಂಟೊ ಮಹಾನಗರ ಪ್ರದೇಶಕ್ಕೆ ಇಟ್ಟಿರುವುದು 15 ವರ್ಷ ದಾಟಿದವರಲ್ಲಿ ಬರೀ ಶೇ 1.5. ಅಷ್ಟು ದೊಡ್ಡ ರೈಲು ಜಾಲ ಇರುವ ಕಡೆ ಶೇ 1.5 ಅಂದರೆ ಗಡಿ ಎಲ್ಲೆಲ್ಲಿಗೋ ಹೋಗುತ್ತದೆ.

ನಮ್ಮ ಕಾಲ್ಪನಿಕ ತಾಲ್ಲೂಕಿನ ಶೇ 13 ಇವುಗಳಲ್ಲಿ ಎಲ್ಲಿ ನಿಲ್ಲುತ್ತದೆ? ಶೇ 10ರಲ್ಲಿ ಪಾಸ್, ಯುರೋಪಿನ ಮಿತಿಯಲ್ಲಿ ಎರಡು ಅಂಕಕ್ಕೆ ಫೇಲ್, ಅಮೆರಿಕದಲ್ಲಿ ದೂರದ ಮಾತು. ಎಲ್ಲ ದುಡಿಯುವವರನ್ನೂ ಹಿಡಿದ ಶೇ 7.8 ಆದರೆ ಶೇ 10ರಲ್ಲೂ ಫೇಲ್.

ನಾನು ಬೆಂಗಳೂರಿಗೆ ಶೇ 10 ಇಡುತ್ತೇನೆ. ಹಳ್ಳಿಯವರೆಲ್ಲ ಕಾರಿನಲ್ಲಿ ಓಡಾಡುವ ದೇಶದ ಮಿತಿಯನ್ನು ಬಸ್ಸಿಗೆ ಕಾಯುವ ದೇಶಕ್ಕೆ ತಂದರೆ ಕೋಲಾರ ಕಡೆಯ ಒಂದು ತಾಲ್ಲೂಕೂ ಉಳಿಯಲಾರದು. ಆದರೆ ನನ್ನ ಮಾತನ್ನು ಹಾಗೇ ನಂಬಬೇಡಿ. 5, 10, 15, 25 ನಾಲ್ಕಕ್ಕೂ ನಾಲ್ಕು ನಕ್ಷೆ ಮಾಡಿ ಪಕ್ಕಪಕ್ಕ ಇಡಿ. ನಾಲ್ಕರಲ್ಲೂ ಒಳಗಿರುವ ತಾಲ್ಲೂಕುಗಳ ಬಗ್ಗೆ ಜಗಳವೇ ಇಲ್ಲ. ಒಂದರಲ್ಲಿ ಒಳಗೆ, ಮೂರರಲ್ಲಿ ಹೊರಗೆ ಇರುವವೇ ನಿಮ್ಮ ಮುಂದಿನ ಕೆಲಸ.

ಹೆಜ್ಜೆ 8: ವೇಳಾಪಟ್ಟಿಯ ಪರೀಕ್ಷೆ

ಹಳಿ ಇದೆ ಅಂದ ಮಾತ್ರಕ್ಕೆ ಊರು ಮಹಾನಗರಕ್ಕೆ ಸೇರುವುದಿಲ್ಲ. ಹಗಲೆಲ್ಲ ಹತ್ತು ಎಕ್ಸ್‌ಪ್ರೆಸ್ ಹಾದುಹೋದರೂ ಒಂದೂ ನಿಲ್ಲದಿದ್ದರೆ ಆ ಊರಿನವರಿಗೆ ಅದು ಬರೀ ಸದ್ದು. ಪ್ರತಿ ನಿಲ್ದಾಣಕ್ಕೂ ಮೂರು ಪ್ರಶ್ನೆ ಹಾಕಿ. ಬೆಳಗ್ಗೆ 9ರ ಒಳಗೆ ಬೆಂಗಳೂರು ಮುಟ್ಟಿಸುವ ರೈಲು ಇದೆಯೇ? ಸಂಜೆ 5ರಿಂದ 8ರ ನಡುವೆ ವಾಪಸ್ ಬರುವ ರೈಲು ಇದೆಯೇ? ಅದು ತಪ್ಪಿದರೆ ರಾತ್ರಿ ಮನೆ ಸೇರಲು ಇನ್ನೊಂದು ಇದೆಯೇ? ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಓವರ್‌ಟೈಮ್ ಮಾಡಿದ ದಿನ ಪ್ಲಾಟ್‌ಫಾರ್ಮಿನಲ್ಲಿ ಮಲಗಬೇಕು ಅಂದರೆ ಯಾರೂ ಆ ಕೆಲಸ ಹಿಡಿಯುವುದಿಲ್ಲ. ಭಾನುವಾರ ಓಡದ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಕಂಡರೆ ಅದನ್ನೂ ಗುರುತಿಸಿಕೊಳ್ಳಿ. ಅದು ಕೆಲಸಗಾರರ ರೈಲು ಅಂತ ರೈಲ್ವೆಯೇ ಒಪ್ಪಿಕೊಂಡ ಹಾಗೆ.

ಪಾಸಾದ ನಿಲ್ದಾಣಗಳ ಸುತ್ತ ಕ್ಯೂಜಿಐಎಸ್‌ನಲ್ಲಿ ಎರಡು ಬಳೆ ಎಳೆಯಿರಿ: 2 ಕಿ.ಮೀ ನಡೆದು ಬರುವವರಿಗೆ, 10 ಕಿ.ಮೀ ಬೈಕು, ಬಸ್ಸಿನವರಿಗೆ. ಆಗ ನಕ್ಷೆಯ ಆಕಾರ ಬದಲಾಗುತ್ತದೆ. ವೃತ್ತ ಹೋಗಿ ಅಂಗೈ ಬರುತ್ತದೆ. ನಡುವೆ ಬೆಂಗಳೂರು, ಹೊರಕ್ಕೆ ಚಾಚಿದ ಬೆರಳುಗಳು: ಮಾಲೂರು, ಬಂಗಾರಪೇಟೆ, ಮಾರಿಕುಪ್ಪಂ ಕಡೆಗೊಂದು, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಕಡೆಗೊಂದು, ತುಮಕೂರಿಗೊಂದು, ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಆಂಧ್ರದ ಹಿಂದೂಪುರಕ್ಕೊಂದು, ಹೊಸೂರಿಗೊಂದು. ಬೆರಳುಗಳ ನಡುವಿನ ಸಂದಿಯಲ್ಲಿ ಬೆಂಗಳೂರಿಗೆ ಇನ್ನೂ ಹತ್ತಿರವಿದ್ದೂ ಹೊರಗುಳಿಯುವ ಹಳ್ಳಿಗಳು ಸಿಗುತ್ತವೆ. ತಪ್ಪು ಲೆಕ್ಕ ಅಂದುಕೊಂಡು ತುಂಬಲು ಹೋಗಬೇಡಿ. ಅವು ನಿಜವಾಗಿಯೂ ದೂರ.

ಈ ಬೆರಳುಗಳು ಸಾಧ್ಯತೆ ಮಾತ್ರ. ಪಾಸಿನ ಲೆಕ್ಕ ನಿಜ. ಬೆರಳು ಇದ್ದು ಪಾಸ್ ಇಲ್ಲದಿದ್ದರೆ ಆ ಊರು ಹೊರಗೆ.

ಹೊಸ ರೈಲಿನ ಆಸೆಗೆ ಬೀಳಬೇಡಿ ಅಂತಲೂ ಹೇಳಬೇಕು. ಉಪನಗರ ರೈಲು ಯೋಜನೆಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ, ಒಟ್ಟು ಸುಮಾರು 148 ಕಿ.ಮೀ. ಅದರ ತುದಿಗಳು ದೇವನಹಳ್ಳಿ, ಚಿಕ್ಕಬಾಣಾವರ, ಕೆಂಗೇರಿ, ವೈಟ್‌ಫೀಲ್ಡ್, ಹೀಲಲಿಗೆ, ರಾಜಾನುಕುಂಟೆ. ನಮ್ಮ ಬೆರಳುಗಳು ಅದಕ್ಕಿಂತ ಬಹಳ ಮುಂದೆ ಹೋಗಿವೆ. ಮುಂದೆ ಬರುವ ರೈಲನ್ನು ಬೇರೆ ಪದರದಲ್ಲಿ ಚುಕ್ಕೆ ಗೆರೆಯಲ್ಲಿ ತೋರಿಸಿ, ಗಡಿಗೆ ಸೇರಿಸಬೇಡಿ. ರೈಲು ಬಂದ ಮೇಲೆ ಗಡಿ ಹೇಗೂ ಓಡುತ್ತದೆ. ಮುಂಬೈಯ ಲೋಕಲ್ 2013ರಲ್ಲಿ ದಹಾಣು ರೋಡ್ ತನಕ ಹೋಯಿತು, ಚರ್ಚ್‌ಗೇಟ್‌ನಿಂದ ಸುಮಾರು 124 ಕಿ.ಮೀ. ಅಲ್ಲಿ ಗಡಿ ಎಳೆಯುವವರು 2011ರ ಗಣತಿಯನ್ನೇ ನಂಬಿದರೆ ಆ ರೈಲು ಹತ್ತಿದ ಒಬ್ಬರೂ ಸಿಗುವುದಿಲ್ಲ.

ಹೆಜ್ಜೆ 9: ಪಕ್ಕದ ದೊಡ್ಡ ಊರುಗಳನ್ನು ನುಂಗಬೇಡಿ

ತುಮಕೂರು, ಮೈಸೂರು, ಹೊಸೂರು. ಇವು ಮಲಗುವ ಊರುಗಳಲ್ಲ, ಇವಕ್ಕೂ ಸ್ವಂತ ಕೆಲಸ, ಸ್ವಂತ ಸುತ್ತಳ್ಳಿಗಳಿವೆ. ಗುಬ್ಬಿಯವರು ತುಮಕೂರಿಗೆ ಬರುತ್ತಾರೆ, ನಂಜನಗೂಡಿನವರು ಮೈಸೂರಿಗೆ. ಇವನ್ನು ಮೊದಲು ಬೇರೆ ಮಹಾನಗರ ಅಂತಲೇ ಕಟ್ಟಿ. ಆಮೇಲೆ ಎರಡರ ನಡುವಿನ ಕೊಡುಕೊಳ್ಳುವಿಕೆ ನೋಡಿ.

ಇದಕ್ಕೆ ಅಮೆರಿಕದ ಒಂದು ಉಪಾಯ ಚೆನ್ನಾಗಿದೆ. ಚಿಕ್ಕ ಪ್ರದೇಶದಿಂದ ದೊಡ್ಡದಕ್ಕೆ ಹೋಗುವ ದುಡಿಯುವವರ ಶೇಕಡಾ, ಚಿಕ್ಕದರ ಕೆಲಸಗಳಲ್ಲಿ ದೊಡ್ಡ ಕಡೆಯಿಂದ ಬಂದವರ ಶೇಕಡಾ, ಎರಡನ್ನೂ ಕೂಡಿಸುತ್ತಾರೆ. ಮೊತ್ತ 15 ದಾಟಿದರೆ ಎರಡೂ ಬೇರೆ ಬೇರೆಯಾಗಿಯೇ ಉಳಿದು, ಒಂದು ಜೋಡಿ ಪ್ರದೇಶವೂ ಆಗುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೋಸೆ ಹಾಗೇ ಇವೆ. ನಡುವೆ ಕ್ಯಾಲ್‌ಟ್ರೇನ್ ಓಡಾಡಿಕೊಂಡಿದೆ.

ಹೊಸೂರಿಗೆ ಈ ಲೆಕ್ಕ ಬಹಳ ಹೊಂದುತ್ತದೆ. ಅಲ್ಲಿನ ಕಾರ್ಖಾನೆಗಳಿಗೆ ಬೆಂಗಳೂರಿನಿಂದ ಹೋಗುವವರಿದ್ದಾರೆ, ಅಲ್ಲಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಬರುವವರಿದ್ದಾರೆ. ಒಂದೇ ಕಡೆ ಎಣಿಸಿದರೆ ಅರ್ಧ ಚಿತ್ರ. ಅತ್ತಿಬೆಲೆಯಲ್ಲಿ ರಾಜ್ಯ ಮುಗಿಯುತ್ತದೆ, ಓಡಾಟ ಮುಗಿಯುವುದಿಲ್ಲ. ನಮ್ಮ ಸರ್ಕಾರಿ ನಕ್ಷೆಗಳಲ್ಲಿ ಹೊಸೂರು ಯಾವತ್ತೂ ಬಿಳಿ ಜಾಗ. ನಿಮ್ಮ ನಕ್ಷೆಯಲ್ಲಿ ಹಾಗಾಗದಿರಲಿ. ಕೃಷ್ಣಗಿರಿ ಜಿಲ್ಲೆಯ ಅಂಕಿಗೆ ತಮಿಳುನಾಡಿನ ಗಣತಿ ಪುಟ ತೆರೆಯಬೇಕು, ಅಷ್ಟೇ.

ಒಂದೇ ಊರನ್ನು ಎರಡು ಮಹಾನಗರ ಎಳೆದಾಡುವುದೂ ಉಂಟು. ನ್ಯೂಜೆರ್ಸಿಯ ಟ್ರೆಂಟನ್‌ಗೆ ನ್ಯೂಯಾರ್ಕ್ ಕಡೆಯ ರೈಲೂ ಬಂದು ಕೊನೆಯಾಗುತ್ತದೆ, ಫಿಲಡೆಲ್ಫಿಯಾ ಕಡೆಯದೂ ಅಲ್ಲೇ ಕೊನೆಯಾಗುತ್ತದೆ. ನಮ್ಮ ಮಂಡ್ಯವನ್ನೂ ಬೆಂಗಳೂರು, ಮೈಸೂರು ಎರಡೂ ಎಳೆಯುತ್ತವೆ. ಎರಡಕ್ಕೂ ಬೇರೆ ಬೇರೆ ಶೇಕಡಾ ತೆಗೆದು, ಜಾಸ್ತಿ ಇರುವ ಕಡೆ ಹಾಕಿ. ಎರಡೂ ಹತ್ತಿರಹತ್ತಿರ ಬಂದರೆ ಗೀಟು ಗೀಟಾಗಿ ಬಣ್ಣ ಹಚ್ಚಿ ಬಿಡಿ. ತೀರ್ಪು ಕೊಡಲೇಬೇಕು ಅಂತೇನಿಲ್ಲ.

ಹೆಜ್ಜೆ 10: ಒಪ್ಪ ಮಾಡುವುದು

ಸುತ್ತಲೂ ಒಳಗಿರುವ ತಾಲ್ಲೂಕುಗಳ ನಡುವೆ ಒಂದು ಹೊರಗುಳಿದಿದ್ದರೆ ಸೇರಿಸಿಕೊಳ್ಳಿ. ಯಾವುದಕ್ಕೂ ತಾಗದೆ ದೂರದಲ್ಲಿ ಒಂದು ಒಳಗೆ ಬಂದಿದ್ದರೆ ಅಂಕಿಯನ್ನು ಇನ್ನೊಮ್ಮೆ ನೋಡಿ. ಹೆಚ್ಚಿನ ಸಲ ವಾರಕ್ಕೊಮ್ಮೆ ಬರುವವರು ಲೆಕ್ಕದಲ್ಲಿ ನುಸುಳಿರುತ್ತಾರೆ. 2020ರ ನಂತರ ವಾರಕ್ಕೆ ಎರಡು ದಿನ ಆಫೀಸಿಗೆ ಹೋಗುವವರು ಬೇರೆ ಇದ್ದಾರೆ. ಮೂರು ದಿನ ಅಥವಾ ಹೆಚ್ಚು ಬಂದರೆ ಎಣಿಸಿ ಅನ್ನುವುದು ನಾನು ಇಟ್ಟುಕೊಂಡ ನಿಯಮ.

ನಕ್ಷೆಯ ಮೂಲೆಯಲ್ಲಿ ಯಾವ ತಿಂಗಳ ಪಾಸು, ಯಾವ ವರ್ಷದ ಗಣತಿ, ಮಿತಿ ಎಷ್ಟು, ವಿದ್ಯಾರ್ಥಿಗಳು ಇದ್ದಾರೋ ಇಲ್ಲವೋ ಅಂತ ಬರೆಯಿರಿ. ತಾರೀಕು ಇಲ್ಲದ ಮಹಾನಗರ ನಕ್ಷೆಯನ್ನು ನಾನು ನಂಬುವುದಿಲ್ಲ.

ಕಡೆಯದಾಗಿ ಅದನ್ನು ಪ್ರಿಂಟ್ ತೆಗೆದು ಬಂಗಾರಪೇಟೆಗೋ ತುಮಕೂರಿಗೋ ಹೋಗುವ ರೈಲು ಹತ್ತಿ, ದಿನಾ ಓಡಾಡುವವರಿಗೆ ತೋರಿಸಿ. ನೀವು ಬಿಟ್ಟ ಹಳ್ಳಿ ಯಾವುದು, ಸುಮ್ಮನೆ ಸೇರಿಸಿದ್ದು ಯಾವುದು ಅಂತ ಎರಡು ಸ್ಟೇಷನ್ ದಾಟುವುದರೊಳಗೆ ಹೇಳಿಬಿಡುತ್ತಾರೆ. ಸಂಜೆಯ ರೈಲಿಗೇ ಹೋಗಿ. ಬೆಳಗ್ಗೆ ಎಲ್ಲರೂ ನಿಂತೇ ನಿದ್ದೆ ಮಾಡುತ್ತಿರುತ್ತಾರೆ.